ಕಟ್ಟಿಟ್ಟ ಚಿನ್ನ

2025ರ ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ನಾನೂ ಹರಿಪ್ರಸಾದನೂ ಕಬಕ ಪೇಟೆಯ ಮಹಡಿ ಕೋಣೆಯೊಂದರಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಎದುರುಬದುರು ಕೂತೆವು. ಆಟ ಗೆದ್ದವರಿಗೆ ಆ ಕೋಣೆ. ಸೋತವರು ಮತ್ತೆ ಅದರ ಮಾತೆತ್ತಬಾರದು.

ಕಟ್ಟಡ ನಮ್ಮ ಸೋದರಮಾವ ಯಜ್ಞೇಶ್ವರ ಅವರದು. ಹರಿ ನನ್ನ ಚಿಕ್ಕಮ್ಮನ ಮಗ, ನನಗಿಂತ ನಾಲ್ಕು ವರ್ಷ ಸಣ್ಣವ. ಅವನಿಗೆ ಅಲ್ಲಿ ಕಂಪ್ಯೂಟರ್ ಗೇಮಿನ ಅಂಗಡಿ ಇಡಬೇಕಿತ್ತು. ನನಗೆ ಮಣ್ಣು ಪರೀಕ್ಷೆಯ ಪ್ರಯೋಗಾಲಯ ಬೇಕಿತ್ತು. ಕಾಲೇಜಿನಲ್ಲಿ ಆರು ವರ್ಷ ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕಿಯಾಗಿದ್ದೆ. ಆ ವರ್ಷ ಮತ್ತೆ ಕರೆಯಲಿಲ್ಲ. ತಕ್ಕಡಿ, ಪಿಎಚ್ ಮೀಟರು ಕೊಂಡಾಗಿತ್ತು. ಹದಿನೇಳು ತೋಟಗಳ ಮಣ್ಣು ಚೀಟಿ ಅಂಟಿಸಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕಾಯುತ್ತಿತ್ತು. ಆ ಕೋಣೆ ಸಿಗದಿದ್ದರೆ ಬೇರೆ ಜಾಗ ಹಿಡಿಯುವ ಶಕ್ತಿ ನನಗಿರಲಿಲ್ಲ.

ಮೂರು ತಿಂಗಳು ಜಗಳವಾಡಿದ ಮೇಲೆ ಮಾವ ಹೇಳಿದ್ದರು: “ತಿಂಗಳ ಕೊನೆಗೆ ಒಬ್ಬರ ಹೆಸರು ಹೇಳಿ. ಇಲ್ಲದಿದ್ರೆ ಟೈಲರ್ ಧರ್ಮಪಾಲನಿಗೆ ಕೊಟ್ಟುಬಿಡ್ತೇನೆ.” ರಾಜ್ಯ ಕಟ್ಟಿ ಯುದ್ಧ ಮಾಡುವ ಕಂಪ್ಯೂಟರ್ ಆಟದಿಂದ ತೀರ್ಮಾನಿಸೋಣ ಎಂದವಳು ನಾನೇ. ಶಾಲೆಯ ರಜೆಗಳಲ್ಲಿ ಅವನನ್ನು ಇದೇ ಆಟದಲ್ಲಿ ಎಷ್ಟೋ ಸಲ ಸೋಲಿಸಿದ್ದೆ. ಆಗ ಅವನಿಗೆ ಹನ್ನೊಂದು ವರ್ಷ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಡುವೆ ನಿಲ್ಲಲು ಸುಳ್ಯದಿಂದ ರೂಪೇಶ್ ಬಂದಿದ್ದ. ಹರಿಯ ಗೆಳೆಯನಾದರೂ ಸುಳ್ಳು ಹೇಳುವವನಲ್ಲ. ಚೀಟಿ ಎತ್ತಿಸಿದ. ಹರಿಗೆ ಗುಡ್ಡದ ಯೋಧರ ಜನಾಂಗ ಬಂತು, ನನಗೆ ವ್ಯಾಪಾರಿಗಳದು. ಒಬ್ಬರು ಒಂದು ಸರದಿ ಆಡಿದ ಮೇಲೆ ಇನ್ನೊಬ್ಬರು. ಎದುರಾಳಿಯ ರಾಜಧಾನಿ ಹಿಡಿದವರು ಗೆದ್ದಂತೆ.

ಎರಡು ನದಿ ಸೇರುವ ಕಡೆ ರಾಜಧಾನಿ ಕಟ್ಟಿ ಉಪ್ಪಿನಂಗಡಿ ಎಂದು ಹೆಸರಿಟ್ಟೆ. ಆಮೇಲೆ ಇನ್ನೆರಡು ಊರು ಕಟ್ಟಿದೆ. ಸರಕಿನ ಬಂಡಿಗಳು ಓಡತೊಡಗಿದವು. ಮೂವತ್ತನೆಯ ಸರದಿಗೆ ಹರಿ ನನ್ನ ಪರದೆಯತ್ತ ಕತ್ತು ಚಾಚಿದ.

“ಅಕ್ಕ, ನೀನು ಚಿನ್ನ ಕಟ್ಟಿ ಇಡ್ತಾ ಇದ್ದಿಯಲ್ಲ, ಎಂತಕ್ಕೆ?”

“ನಿನ್ನ ಪರದೆ ನೋಡು.”

“ನೋಡಿ ಆಯ್ತು. ವ್ಯಾಪಾರದ ಜನ ಸಿಕ್ಕಿದ್ರೆ ಚಿನ್ನ ಬಂದ ಹಾಗೆ ಖರ್ಚು ಮಾಡುದು. ಮಾರುಕಟ್ಟೆ, ಬಂದರು, ಕೋಟೆ, ಎಲ್ಲ ಈಗಲೇ ಕಟ್ಟುದು. ಅಕ್ಕಪಕ್ಕದ ಸಣ್ಣ ರಾಜ್ಯಗಳಿಗೆ ಕೊಟ್ಟು ಸ್ನೇಹ ಮಾಡುದು. ಅದು ಅಡಿಕೆ ಅಲ್ಲ ಮಾರಾಯ್ತಿ, ಹಳತಾದ ಹಾಗೆ ರೇಟು ಏರ್ಲಿಕ್ಕೆ.”

ರೂಪೇಶ್ ನಕ್ಕ. ನಾನು ನಗಲಿಲ್ಲ.

“ಮತ್ತೊಂದು ಉಂಟು,” ಎಂದ ಹರಿ. “ನನ್ನ ಊರಿಗೇ ಒಂದು ಬಂಡಿ ಕಳಿಸು. ನಿನ್ನಿಂದ ನನಗೂ ಆದಾಯ ಬಂದ್ರೆ ಯುದ್ಧಕ್ಕೆ ಬರ್ಲಿಕ್ಕೆ ಎರಡು ಸಲ ಯೋಚನೆ ಮಾಡ್ತೇನೆ.”

“ಇಷ್ಟು ದಯೆ ಯಾವಾಗ ಬಂತು ನಿನಗೆ?”

“ದಯೆ ಎಂತ ಇಲ್ಲ. ಆಡ್ಲಿಕ್ಕೆ ಗೊತ್ತಿಲ್ಲದವರನ್ನು ಸೋಲಿಸಿದ್ರೆ ಆಮೇಲೆ ಊರಿಡೀ ಹೇಳ್ತೀ, ಹರಿ ಮೋಸ ಮಾಡಿದ ಅಂತ. ಕಾಲೇಜಿನಲ್ಲಿ ಕೆಲಸ ಹೋದಾಗ ಹೇಳಿದ ಹಾಗೆ.”

ಆ ಮಾತು ಕೇಳಿದ ಮೇಲೆ, ಅವನು ಅದುವರೆಗೆ ಹೇಳಿದ್ದರಲ್ಲಿ ಒಂದನ್ನೂ ನಾನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಬಂಡಿ ಕಳಿಸಿದರೆ ನನ್ನ ದಾರಿ ಅವನಿಗೆ ಕಾಣುತ್ತದೆ, ಚಿನ್ನ ಖರ್ಚು ಮಾಡಿದರೆ ದಾಳಿಯ ಹೊತ್ತಿಗೆ ನನ್ನ ಕೈ ಬರಿದಾಗಿರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಕೆಳಗೆ ‘ವಿರುದ್ಧವಾಗಿ ಮಾಡುವುದು’ ಎಂದು ಬರೆದು ಎರಡು ಗೆರೆ ಎಳೆದೆ. ಹೊಸ ಅಡಿಕೆಯನ್ನು ಅವಸರದಲ್ಲಿ ಮಾರಿದವರನ್ನು ನಮ್ಮ ಮನೆಯಲ್ಲಿ ಬುದ್ಧಿಯಿಲ್ಲದವರೆಂದು ಆಡಿಕೊಳ್ಳುತ್ತಿದ್ದರು. ಎರಡು ವರ್ಷ ಗೋಣಿಯಲ್ಲಿ ಕೂತದ್ದಕ್ಕೆ ಹೊಸತಿಗಿಂತ ಹೆಚ್ಚು ಬೆಲೆ. ಕಾಯುವುದೇ ಜಾಣತನವೆಂದು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ.

ಹಾಗೆ ಕಾದೆ. ನೂರನೆಯ ಸರದಿಗೆ ಬೊಕ್ಕಸದಲ್ಲಿ ಐದು ಸಾವಿರ ದಾಟಿತ್ತು. ಸಣ್ಣ ರಾಜ್ಯಗಳು ಒಂದೊಂದಾಗಿ ಹರಿಯ ಕಡೆ ಹೋದವು. ಹೋಗಲಿ, ದುಡ್ಡಿದ್ದರೆ ಸೈನ್ಯವನ್ನು ಒಂದೇ ಏಟಿಗೆ ಕೊಳ್ಳಬಹುದು ಎಂದುಕೊಂಡೆ.

ನೂರ ಹದಿನೆಂಟನೆಯ ಸರದಿಯಲ್ಲಿ ಅವನ ಒಂಬತ್ತು ತುಕಡಿಗಳು ಗುಡ್ಡ ಇಳಿದವು. ಮೊದಲು ಬಂಡಿಗಳನ್ನು ದೋಚಿದವು. ನಾನು ಖರೀದಿಯ ಪಟ್ಟಿ ತೆರೆದು ಉಪ್ಪಿನಂಗಡಿಯಲ್ಲಿ ಒಂದು ತುಕಡಿ ಕೊಂಡೆ. ಎರಡನೆಯದನ್ನು ಒತ್ತಿದರೆ ಆಗಲಿಲ್ಲ. ಮತ್ತೆ ಒತ್ತಿದೆ.

“ರೂಪೇಶ್, ಇದು ಎಂತ ತೊಂದರೆ?”

ಅವನು ಬಗ್ಗಿ ನೋಡಿದ. “ತೊಂದರೆ ಅಲ್ಲ ಚೈತನ್ಯಕ್ಕ. ಒಂದು ಊರಿಗೆ ಒಂದು ಸರದಿಯಲ್ಲಿ ಒಂದೇ ಖರೀದಿ. ಮೊದಲಿಂದಲೂ ಹಾಗೆಯೇ.”

ಅದು ನನಗೆ ಗೊತ್ತಿದ್ದ ನಿಯಮ, ಚಿನ್ನ ಕೂಡಿಡುವಾಗ ನೆನಪಿಗೆ ಬಂದಿರಲಿಲ್ಲ. ಮೂರು ಊರಿಗೆ ಮೂರು ತುಕಡಿ, ಎದುರಿಗೆ ಒಂಬತ್ತು. ಕೋಟೆಯನ್ನೂ ಕಟ್ಟಿರಲಿಲ್ಲ.

“ನಾನು ಹೇಳಿರ್ಲಿಲ್ವಾ?” ಎಂದ ಹರಿ, ಪರದೆಯಿಂದ ಕಣ್ಣೆತ್ತದೆ.

“ಸುಮ್ಮನೆ ಆಡು.”

“ಆಡ್ತೇನೆ. ನಿನಗೆ ಒಳ್ಳೇದು ಹೇಳಿದ್ದು ನನ್ನದೇ ತಪ್ಪು.”

ನಾಲ್ಕು ಸರದಿಗಳಲ್ಲಿ ಉಪ್ಪಿನಂಗಡಿ ಬಿತ್ತು. ಬೊಕ್ಕಸದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಚಿನ್ನ ಹಾಗೆಯೇ ಇತ್ತು. ಹರಿ ಅದನ್ನು ರೂಪೇಶನಿಗೆ ಗಟ್ಟಿಯಾಗಿ ಓದಿ ಹೇಳಿದ.

ಲ್ಯಾಪ್‌ಟಾಪ್ ಮುಚ್ಚಿ ನೋಟ್‌ಬುಕ್ಕಿನ ಆ ಪುಟವನ್ನು ಮತ್ತೆ ನೋಡಿದೆ. ಹರಿ ಹೇಳಿದ್ದರಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಮಣ್ಣಿನ ಚೀಟಿಯಲ್ಲಿ ತೋಟದವನ ಹೆಸರು ನೋಡಿ ಯಾರೂ ಪಿಎಚ್ ಬರೆಯುವುದಿಲ್ಲ. ನಾನು ಮಾತ್ರ ಹೇಳಿದವನು ಯಾರೆಂದು ನೋಡಿ ಬರೆದಿದ್ದೆ.

ನನ್ನ ಹತ್ತಿರವಿದ್ದ ಕೋಣೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಎದ್ದೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು ಗೋಡೆಯತ್ತ ನೋಡಿದ.

“ಇಲ್ಲಿ ಮೇಜುಗಳನ್ನು ಸಾಲಾಗಿ ಇಡ್ಬೇಕು. ಈ ಗೋಡೆ ಎಷ್ಟು ಉದ್ದ ಉಂಟು? ನೀನು ಅಳೆದಿದ್ದಿಯಲ್ಲ.”

ಜನವರಿಯಲ್ಲೇ ಅಳೆದಿದ್ದೆ. ತಕ್ಕಡಿಯ ಕಟ್ಟೆ, ಸಿಂಕು, ಮಣ್ಣು ಒಣಗಿಸುವ ಒಲೆ, ಮೂರೂ ಆ ಗೋಡೆಗೆ ಸರಿಯಾಗಿ ಹಿಡಿಸುತ್ತಿದ್ದವು.

“ನಾಲ್ಕು ಮೀಟರ್ ಮೂವತ್ತೆರಡು ಸೆಂಟಿಮೀಟರ್,” ಎಂದೆ.

ಹರಿ ನನ್ನತ್ತ ತಿರುಗಿದ.

“ಮೇಜಿಗೆ ಹಲಗೆ ಕೊಯ್ಸಿದ ಮೇಲೆ ಹಿಡಿಸದೆ ಹೋಗ್ಲಿ ಅಂತ ತಪ್ಪು ಅಳತೆ ಹೇಳುದಾ?”

ಅವನು ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಇಳಿದು ಟೇಪು ತಂದ, ಒಂದು ತುದಿಯನ್ನು ಮೂಲೆಗೆ ಒತ್ತಿ ಹಿಡಿದ. ಇನ್ನೊಂದು ತುದಿಯನ್ನು ರೂಪೇಶ್ ಎಳೆದುಕೊಂಡು ಹೋಗಿ, ಬಗ್ಗಿ ಅಂಕಿ ಓದಿದ.

4.32 ಮೀಟರ್.