ಕೊಬ್ಬರಿ ನೋಡುವ ಹಲ್ಲು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಾನು ಬಾಯಿ ತೆರೆದರೆ ತಕ್ಕಡಿಗಳೂ ಅಲುಗಾಡದೆ ನಿಲ್ಲುತ್ತಿದ್ದ ಕಾಲವೊಂದಿತ್ತು. ಮುಂದಿನ ಹಲ್ಲಿನಿಂದ ಕೊಬ್ಬರಿಯ ಅಂಚನ್ನು ಒಮ್ಮೆ ಕಚ್ಚಿದರೆ ಸಾಕು, ಒಣಗಿದೆಯೋ ಹಸಿಯೋ, ಜಾವಗಲ್ಲಿನ ತೋಟದ್ದೋ ಗಂಡಸಿ ಊರಿನದೋ, ಕಾಯಿ ಕೀಳುವ ದಿನ ತೋಟದ ಯಜಮಾನ ಹೆಂಡತಿಯೊಡನೆ ಜಗಳವಾಡಿದ್ದನೋ, ಎಲ್ಲ ಹೇಳುತ್ತಿದ್ದೆ. ಈ ಷಡಕ್ಷರಪ್ಪನ ಹಲ್ಲನ್ನು ಕನಸಿನಲ್ಲಿ ಕಂಡು ತಿಪಟೂರಿನ ವ್ಯಾಪಾರಿಗಳು ಬೆಚ್ಚಿಬೀಳುತ್ತಿದ್ದರು.

ಆ ಹಲ್ಲು ಹೋದ ವರ್ಷ ಬಿತ್ತು. ಬಂಡೆಯಂಥ ಕೊಬ್ಬರಿ ಕಚ್ಚಿ ಬಿತ್ತೆಂದು ಊರಿಗೆಲ್ಲ ಸಾರಿದೆ.

"ಬಂಡೆನೂ ಇಲ್ಲ, ಗುಂಡೂ ಇಲ್ಲ. ನಲವತ್ತು ವರ್ಷ ಹೊಗೆಸೊಪ್ಪು ಅಗಿದು ವಸಡು ಕೊಳೆತೈತೆ ಕಣ್ರೀ" ಎಂದಳು ಹೆಂಡತಿ ಮಹದೇವಮ್ಮ.

ಹಲ್ಲಿನ ಡಾಕ್ಟರ್ ನಯನಾ ಎಕ್ಸ್‌ರೇ ನೋಡಿದರು. ದವಡೆಯ ಮೂಳೆಯೇ ಕರಗಿದೆ, ಹೊಸ ಹಲ್ಲು ನೆಡಬೇಕಾದರೆ ಮೊದಲು ಆ ಗುಂಡಿಗೆ ಮೂಳೆಪುಡಿ ತುಂಬಬೇಕು ಎಂದರು.

"ಯಾರ ಮೂಳೆ, ತಾಯಿ?"

"ದನದ್ದು, ಯಜಮಾನ್ರೇ. ಶುದ್ಧ ಮಾಡಿರ್ತಾರೆ."

ನನ್ನ ಕೈ ಕೊರಳಿನ ಲಿಂಗದ ಮೇಲೆ ಹೋಯಿತು. "ಬಸವಣ್ಣನ್ನ ಬಾಯಲ್ಲಿಟ್ಕೊಂಡು ಪೂಜೆಗೆ ಕೂರೋದೆಂಗಮ್ಮ?"

"ಹಾಗಾದ್ರೆ ನಿಮ್ಮ ಗದ್ದದ ಮೂಳೆನೇ ಸ್ವಲ್ಪ ತೆಗೆದು ಹಾಕ್ತೀನಿ. ಎರಡು ಕಡೆ ನೋವಿರುತ್ತೆ."

"ಹತ್ತು ಕಡೆ ಇರ್ಲಿ ಬುಡಿ!"

ಗದ್ದ ಕೊರೆಯುವಾಗ ಮೂರು ಡ್ರಿಲ್ಲುಗಳು ಮುರಿದವು. ಹಳೇಬೀಡಿನ ಕಲ್ಲಾದರೂ ಉಳಿಗೆ ಬಗ್ಗಿತ್ತು. ನನ್ನ ಮೂಳೆ ಬಗ್ಗಲಿಲ್ಲ.

ಆಮೇಲೆ, ಮೂಳೆ ಬೇಗ ಕೂಡಲೆಂದು ವಾರಕ್ಕೆರಡು ಸಲ ಲೇಸರ್ ಬೆಳಕು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ, ಪೆನ್ನಿನಂಥ ಕಡ್ಡಿಯನ್ನು ವಸಡಿಗೆ ಹಿಡಿಯುತ್ತಿದ್ದರು. ನೋವಿಲ್ಲ, ಬಿಸಿಯಿಲ್ಲ. ಆ ಎರಡು ನಿಮಿಷ ನನಗೆ ಜಾವಗಲ್ಲಿನ ನಮ್ಮ ಹಳೆಯ ಮನೆಯ ಅಟ್ಟವೇ ಕಾಣುತ್ತಿತ್ತು. ವರ್ಷವಿಡೀ ಒಲೆಯ ಹೊಗೆ ಕುಡಿದ ಕಾಯಿಗಳು. ಮದುವೆಯಾಗಿ ಹೊಸದಾಗಿ ಬಂದ ಮಹದೇವಮ್ಮ ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಉಂಡೆ ಲೊಟಲೊಟ ಎಂದರೆ ಕೆಳಕ್ಕೆಸೆಯುವಳು. ಬೇಕೆಂದೇ ನನ್ನ ತಲೆಗೇ ಗುರಿಯಿಡುವಳು. ಆ ಮನೆಗೆ ಈಗ ಗ್ಯಾಸ್ ಒಲೆ. ಅಟ್ಟಕ್ಕೆ ಹೊಗೆಯೇ ಇಲ್ಲ.

ಆರು ತಿಂಗಳಿಗೆ ಮೂಳೆ ತುಂಬಿತು. ಆ ಮೂಳೆಗೆ ತಿರುಪು ಕೂರಿಸಿ, ಮತ್ತೆ ನಾಲ್ಕು ತಿಂಗಳಿಗೆ ಹಲ್ಲು ಹಾಕಿದರು. ನನ್ನ ಪ್ರತಾಪ ನೋಡಲಿ ಎಂದು ಮಹದೇವಮ್ಮನನ್ನೂ ಮಂಡಿಗೆ ಕರೆದೊಯ್ದೆ. ಜಾವಗಲ್ಲಿನ ಬೆಳೆಗಾರ ಮಧುಕುಮಾರ ಚೀಲ ಬಿಚ್ಚಿದ. ಸಾವಿರ ಜನ ಸುತ್ತ ನಿಂತರು. ಕಚ್ಚಿದೆ.

ಹಲ್ಲು ಚೆನ್ನಾಗಿಯೇ ಕತ್ತರಿಸಿತು. ಆದರೆ ಏನೂ ಹೇಳಲಿಲ್ಲ. ತಿರುಪಿನ ಹಲ್ಲಿಗೆ ಹುಟ್ಟುಹಲ್ಲಿನಷ್ಟು ಸೂಕ್ಷ್ಮ ತಿಳಿಯದೆಂದು ನಯನಾ ಆಮೇಲೆ ವಿವರಿಸಿದರು. ಆ ಗಳಿಗೆಯಲ್ಲಂತೂ ನನಗೆ ಕೊಬ್ಬರಿಯೂ ಒಂದೇ, ಕಟ್ಟಿಗೆಯೂ ಒಂದೇ. ಮಂಡಿ ಕಾಯುತ್ತಿತ್ತು.

"ಏನಣ್ಣ, ಹೇಳಣ್ಣ!" ಎಂದ ಮಧು.

ಮಹದೇವಮ್ಮ ನನ್ನ ಮುಖ ನೋಡಿದಳು. ಚೂರನ್ನು ಕಿತ್ತುಕೊಂಡು, ಸೆರಗಿನ ಮರೆಯಲ್ಲಿ ಕಚ್ಚಿ ನನ್ನ ಕಿವಿಯಲ್ಲಿ ಉಸುರಿದಳು: "ಹಸಿ ಐತೆ. ಎಂಟು ದಿನ ಬಿಸಿಲು ಬೇಕು."

"ಹಸಿ ಐತೆ ಕಣೋ!" ನಾನು ಗುಡುಗಿದೆ. "ಎಂಟು ದಿನ ಬಿಸಿಲಿಗೆ ಹಾಕು, ಹೋಗು!"

ಈಗ ಇಬ್ಬರೂ ಒಟ್ಟಿಗೇ ಮಂಡಿಗೆ ಹೋಗುತ್ತೇವೆ. ಸೆರಗಿನ ಮರೆಯಲ್ಲಿ ಕಚ್ಚುವುದು ಅವಳು, ಗುಡುಗುವುದು ನಾನು. ಷಡಕ್ಷರಪ್ಪನ ಹಲ್ಲು ಮೊದಲಿಗಿಂತ ಹತ್ತು ಪಾಲು ಚುರುಕಾಗಿದೆ ಎನ್ನುತ್ತಾರೆ ಜನ. ನಾನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇದ್ದೀತು, ಅವರು ಹೇಳಿದ್ದರಲ್ಲಿ ಎಳ್ಳಷ್ಟೂ ಇಲ್ಲ.