ಹದಿನೆಂಟನೆಯ ಹರಳು

ಫೆರ್ನಾಂ ಮಾತೀಲ್ ತನ್ನ ಎಪ್ಪತ್ತಮೂರು ವರ್ಷದ ಬದುಕಿನಲ್ಲಿ ಯಾರ ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ. ಲೆ ಲೋಕ್ಲ್ ಊರಿನ ವಾಚು ರಿಪೇರಿಯವರೆಲ್ಲ ಸ್ವಲ್ಪ ಹಾಗೆಯೇ. ಚರ್ಚಿನ ಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದರೆ ಪಾದ್ರಿಗೆ ಮೂರು ಫೋನು ಹೋಗುವ ಊರು ಅದು. ಫೆರ್ನಾಂ ಅವರನ್ನೂ ಮೀರಿಸಿದ ಆಸಾಮಿ. ಹೋಟೆಲಿನ ತಿಂಡಿಪಟ್ಟಿಯಲ್ಲಿ ಕಾಗುಣಿತ ತಪ್ಪಿದ್ದರೆ ಜೇಬಿನಿಂದ ಪೆನ್ನು ತೆಗೆದು ತಿದ್ದಿ, ಆಮೇಲೇ ಊಟಕ್ಕೆ ಹೇಳುತ್ತಿದ್ದ. ಈ ಚಾಳಿಯೇ ಅವನ ಕೈ ಕಚ್ಚಿತು ಎಂದು ತಂಗಿ ಜೋಸಿಯಾನ್ ಹೇಳುತ್ತಾಳೆ. ಅದು ಅರ್ಧ ಮಾತ್ರ ನಿಜ.

ಆ ವಾಚು ಕಣ್ಣಿಗೆ ಬಿದ್ದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಜಿನೀವಾದ ಹರಾಜು ಕಂಪನಿಯೊಂದು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ ಹಳೆಯ ವಾಚುಗಳನ್ನು ಫೆರ್ನಾಂ ಸುಮ್ಮನೆ ನೋಡುತ್ತಿದ್ದ. ಇನ್ನೂರ ಹದಿನಾಲ್ಕನೆಯದು: ಸಾಧಾರಣ ಕೈಗಡಿಯಾರ, ಅರವತ್ತರ ದಶಕದ್ದು, ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಹದಿನೇಳು ಹರಳು, ಅಂದಾಜು ಬೆಲೆ ಐನೂರರಿಂದ ಎಂಟುನೂರು ಫ್ರಾಂಕ್. ಬೆನ್ನಿನ ಮುಚ್ಚಳ ತೆಗೆದು ಒಳಗಿನ ಯಂತ್ರದ ಫೋಟೋವನ್ನೂ ಹಾಕಿದ್ದರು. ಅದನ್ನು ದೊಡ್ಡದು ಮಾಡಿ ನೋಡಿದವನು ತಕ್ಷಣ ಜೋಸಿಯಾನ್‌ಗೆ ಫೋನು ಮಾಡಿದ.

ಫೆರ್ನಾಂನ ಅಮ್ಮ ಬ್ಲಾಂಶ್ ನಲವತ್ತು ವರ್ಷ ಅಡುಗೆಮನೆಯ ಕಿಟಕಿಯ ಪಕ್ಕ ಕೂತು ಕಾರ್ಖಾನೆಗೆ ಹೇರ್‌ಸ್ಪ್ರಿಂಗ್ ಬಾಗಿಸಿಕೊಟ್ಟವಳು. ಕೂದಲೆಳೆಗಿಂತ ತೆಳ್ಳಗಿನ ಆ ಸುರುಳಿಯ ಕೊನೆಯ ಸುತ್ತನ್ನು ಚಿಮಟದಲ್ಲಿ ಮೇಲೆತ್ತಿ ಒಳಕ್ಕೆ ಬಗ್ಗಿಸಬೇಕು. ಎಲ್ಲಿ ಎಷ್ಟು ಬಗ್ಗಿಸಬೇಕು ಎಂಬುದು ಬೆರಳಿಗೇ ಗೊತ್ತಿರಬೇಕು. ಹಾಗಾಗಿ ಒಬ್ಬೊಬ್ಬ ಹೆಂಗಸಿನ ಬಾಗೂ ಅವರವರ ಕೈಬರಹದ ಹಾಗೆ. ಬ್ಲಾಂಶ್ ಒಂದು ಎಳೆಯಷ್ಟು ಮೊದಲೇ ಬಗ್ಗಿಸಿ, ಆಮೇಲೆ ಚೂರು ಸಡಿಲ ಬಿಡುತ್ತಿದ್ದಳು. ೧೯೬೧ರಲ್ಲಿ, ಎಲ್ಲಕ್ಕಿಂತ ಕರಾರುವಾಕ್ಕಾದ ವಾಚು ಯಾವುದೆಂದು ಖಗೋಳ ವೀಕ್ಷಣಾಲಯ ನಡೆಸುತ್ತಿದ್ದ ಸ್ಪರ್ಧೆಗೆ ಕಳಿಸುವ ವಾಚಿನ ಸ್ಪ್ರಿಂಗು ಅವಳ ಮೇಜಿಗೆ ಬಂತು. ಆರು ವಾರ ಅಡುಗೆಮನೆಯಲ್ಲಿ ಮಕ್ಕಳು ಓಡುವಂತಿರಲಿಲ್ಲ, ನೆಲ ಅದುರುತ್ತದೆಂದು. ವಾಚಿಗೆ ಎರಡನೆಯ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಇದ್ದದ್ದು ವಿಭಾಗದ ಮುಖ್ಯಸ್ಥ ಎಮಿಲ್ ಪೆರ್ನೂ ಎಂಬುವನ ಹೆಸರು. ಬ್ಲಾಂಶ್‌ಗೆ ಒಂದು ಡಬ್ಬಿ ಚಾಕಲೇಟು ಕೊಟ್ಟರು. ಸಾಯುವ ವರ್ಷವೂ ಅವಳು, ಆ ವಾಚನ್ನ ಇನ್ನೊಂದು ಸಲ ನೋಡ್ಬೇಕಿತ್ತು ಅಂದಿದ್ದಳು.

ಎರಡು ಬೀದಿಯಾಚೆ ಇರುವ ಜೋಸಿಯಾನ್ ಹತ್ತೇ ನಿಮಿಷದಲ್ಲಿ ಬಂದಳು.

"ಅಮ್ಮಂದು ಕಣೇ ಇದು. ಆ ಬಾಗು ಅಮ್ಮಂದೇ. ಆರು ವಾರ ನೋಡಿದೀವಲ್ಲ, ಸ್ಪರ್ಧೆಗೆ ಹೋದದ್ದೇ ಇದು."

"ಕನ್ನಡಕ ಬದಲಾಯಿಸು ಅಂತ ಡಾಕ್ಟ್ರು ಹೇಳಿ ವರ್ಷ ಆಯ್ತು."

"ನನ್ನ ಕನ್ನಡಕದ ಸುದ್ದಿ ಬಿಡು. ಬಗ್ಗಿ ನೋಡು."

ಜೋಸಿಯಾನ್ ಬಗ್ಗಿ ನೋಡಿದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಮಗ್ಗಿ ಬರೆದವಳು ಅವಳೂ. ಮೂಗು ಒರೆಸಿಕೊಂಡಳು.

"ಎಷ್ಟಕ್ಕೆ ಬರುತ್ತೆ?"

"ಎಂಟುನೂರು, ಹೆಚ್ಚೆಂದ್ರೆ ಸಾವಿರ. ಇದೇನು ಅಂತ ಅವ್ರಿಗೆ ಗೊತ್ತಿಲ್ಲ. ನೀನು ಎಲ್ಲೂ ಬಾಯಿ ಬಿಡ್ಬೇಡ. ಇಸ್ಪೀಟಿಗೆ ಹೋದಾಗಂತೂ ಬೇಡವೇ ಬೇಡ."

"ನನ್ನ ಬಾಯಿ ನಾನು ನೋಡ್ಕೋತೀನಿ ಅಣ್ಣ. ನೀನು ನಿಂದು ನೋಡ್ಕೋ."

ಹರಾಜಿಗೆ ಇನ್ನೂ ಹನ್ನೆರಡು ದಿನ ಇತ್ತು. ಫೆರ್ನಾಂ ದಿನಕ್ಕೆ ನಾಲ್ಕು ಸಲ ಆ ಪುಟ ತೆರೆದು ಅಮ್ಮನ ಬಾಗನ್ನು ನೋಡುತ್ತಿದ್ದ. ನೋಡಿದಾಗಲೆಲ್ಲ ಪಕ್ಕದಲ್ಲೇ ಹದಿನೇಳು ಹರಳು ಎಂಬ ಬರಹವೂ ಕಾಣುತ್ತಿತ್ತು. ನಡುಚಕ್ರದ ಮೇಲಿನ ಕೆಂಪು ಹರಳು ಫೋಟೋದಲ್ಲಿ ಕಣ್ಣಿಗೆ ಹೊಡೆಯುವಂತಿದೆ; ಅದನ್ನು ಎಣಿಸಿದರೆ ಹದಿನೆಂಟು. ಎಣಿಸಿದವನು ಯಾವನೋ ಕತ್ತೆ, ತನಗೇನು ಎಂದುಕೊಂಡ. ಐದು ದಿನ ಹಲ್ಲು ಕಚ್ಚಿಕೊಂಡಿದ್ದ. ಅದು ಬೂಟಿನೊಳಗೆ ಸೇರಿದ ಮರಳಿನ ಹಾಗೆ ಒತ್ತುತ್ತಲೇ ಇತ್ತು. ಆರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬರೆದೇ ಬಿಟ್ಟ: "ಮಾನ್ಯರೇ, ನಿಮ್ಮ ೨೧೪ನೇ ವಾಚಿನಲ್ಲಿರುವುದು ಹದಿನೆಂಟು ಹರಳು. ದಯವಿಟ್ಟು ಮತ್ತೆ ಎಣಿಸಿ." ಅಮ್ಮನ ಸುದ್ದಿ ಇಲ್ಲ, ಸ್ಪ್ರಿಂಗಿನ ಸುದ್ದಿ ಇಲ್ಲ, ಬಹುಮಾನದ ಸುದ್ದಿಯಂತೂ ಇಲ್ಲವೇ ಇಲ್ಲ. ತಪ್ಪೂ ತಿದ್ದಿದ ಹಾಗಾಯಿತು, ಗುಟ್ಟೂ ಉಳಿಯಿತು ಎಂದು ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡ.

ಅವರು ಮತ್ತೆ ಎಣಿಸಿದರು. ಅಂಗಡಿಯ ಮಾಮೂಲಿ ವಾಚಿಗೆ ಹದಿನೇಳೇ ಸಾಕು, ಹದಿನೆಂಟನೆಯ ಹರಳು ಯಾಕೆ ಬಂತೆಂದು ಮುಖಫಲಕವನ್ನೂ ಬಿಚ್ಚಿದರು. ಅದರಡಿ ಒಂದು ಸಂಖ್ಯೆ ಸಿಕ್ಕಿತು. ಸಂಖ್ಯೆ ಹಿಡಿದು ಹಳೆಯ ಸ್ಪರ್ಧೆಗಳ ಪಟ್ಟಿ ನೋಡುವುದಕ್ಕೆ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ದಿನದಲ್ಲಿ ಪುಟವೇ ಬದಲಾಯಿತು: ೧೯೬೧ರ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ, ಹೊಂದಿಸಿದವರು ಎಮಿಲ್ ಪೆರ್ನೂ, ಅಂದಾಜು ಇಪ್ಪತ್ತರಿಂದ ಮೂವತ್ತು ಸಾವಿರ. ಜೊತೆಗೆ ಫೆರ್ನಾಂಗೆ ಒಂದು ಇಮೇಲು, ನಿಮ್ಮ ಸೂಕ್ಷ್ಮದೃಷ್ಟಿಗೆ ಕೃತಜ್ಞರು ಎಂದು.

"ಕೃತಜ್ಞರಂತೆ," ಎಂದಳು ಜೋಸಿಯಾನ್. "ನನ್ನ ಬಾಯಿಗೆ ಬೀಗ ಹಾಕ್ದೆ. ನಿನ್ನ ಬೆರಳಿಗೆ ಯಾರು ಹಾಕ್ಬೇಕಿತ್ತು?"

"ತಪ್ಪಿತ್ತಲ್ಲೇ. ಹದಿನೇಳು ಅಂತ ಹಾಕಿದ್ರು."

"ಹಾಕ್ಲಿ ಬಿಡೋ. ನೂರು ಅಂತ ಹಾಕ್ಲಿ."

ಹರಾಜಿನ ದಿನ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಜೋಸಿಯಾನ್‌ಳ ಅಡುಗೆಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತರು. ಇಬ್ಬರದೂ ಸೇರಿಸಿ ಹದಿಮೂರು ಸಾವಿರ ಹೊಂದಿತ್ತು. ಅವಳು ದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು ಕೊಯ್ದಿಟ್ಟಿದ್ದಳು, ಇಬ್ಬರೂ ಮುಟ್ಟಲಿಲ್ಲ. ಗುಂಡಿ ಒತ್ತುವ ಕೆಲಸ ಅವಳದು. ಹನ್ನೊಂದು ಸಾವಿರ ಇದ್ದದ್ದನ್ನು ಹನ್ನೆರಡು ಮಾಡಿದಳು. ಯಾರೋ ಹನ್ನೆರಡೂವರೆ ಅಂದರು. ಹದಿಮೂರು ಒತ್ತಿದಳು. 'ನೀವು ಮುಂದಿದ್ದೀರಿ' ಎಂದು ಹಸಿರು ಅಕ್ಷರ ಮೂಡಿತು. ನಲವತ್ತು ಸೆಕೆಂಡು ಹಾಗೇ ಇತ್ತು. ಆಮೇಲೆ ಅಕ್ಷರ ಕೆಂಪಾಯಿತು.

"ಹಲ್ಲು ಕಟ್ಟಿಸ್ಕೊಳ್ಳೋಕೆ ಅಂತ ಎರಡು ಸಾವಿರ ಇಟ್ಟಿದೀನಿ," ಎಂದಳು ಜೋಸಿಯಾನ್.

"ಬೇಡ ಕಣೇ."

ಅವಳು ಒತ್ತಿಯೇಬಿಟ್ಟಳು. ಹದಿನೈದು ಸಾವಿರ ಹಸಿರಾಗಿ ಕಂಡದ್ದು ಹತ್ತು ಸೆಕೆಂಡು. ಆಮೇಲೆ ಇಬ್ಬರಿಗೂ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಗಡುವಿನ ಹೊತ್ತಿಗೆ ಯಾರಾದರೂ ಬೆಲೆ ಏರಿಸಿದರೆ ಇನ್ನೆರಡು ನಿಮಿಷ ಕೊಡುವುದು ಆ ಹರಾಜಿನ ನಿಯಮ. ಎಲ್ಲಿಯವರೋ ಯಾರೋ ಇಬ್ಬರು ಏರಿಸುತ್ತಲೇ ಹೋದರು. ಜೀವಮಾನವಿಡೀ ಜನರ ನಿಮಿಷಗಳನ್ನು ಸರಿಮಾಡಿಕೊಟ್ಟವನು, ಬೇರೆಯವರಿಗೆ ಸಿಗುತ್ತಿದ್ದ ಎರಡೆರಡು ನಿಮಿಷಗಳನ್ನು ನೋಡುತ್ತ ಕೈಕಟ್ಟಿ ಕೂತ. ನಲವತ್ತೊಂದು ಸಾವಿರಕ್ಕೆ ನಿಂತಿತು.

"ಹೋಗ್ಲಿ ಬಿಡು," ಎಂದಳು ಜೋಸಿಯಾನ್. "ಆ ಪೆರ್ನೂ ಹೆಸರಾದ್ರೂ ತೆಗೆಸು. ಅಮ್ಮನ ಹೆಸರು ಹಾಕ್ಸು. ತಿದ್ದೋದು ನಿನಗೆ ಬರುತ್ತಲ್ಲ."

ಫೆರ್ನಾಂ ಅಲ್ಲೇ ಕೂತು ಉದ್ದದ ಪತ್ರ ಬರೆದ. ಕಿಟಕಿ, ಮೇಜು, ಆರು ವಾರ, ಬಾಗು, ಏನನ್ನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ, ಅದೇ ಅವನನ್ನು ಹೆಚ್ಚು ಸುಟ್ಟಿತು. ಪ್ರಮಾಣಪತ್ರದಲ್ಲಿ ಶ್ರೀ ಪೆರ್ನೂ ಅವರ ಹೆಸರಿದೆ. ತಮ್ಮ ತಾಯಿಯವರ ಕೆಲಸಕ್ಕೆ ಸಂಬಳದ ಚೀಟಿ, ಕಾರ್ಖಾನೆಯ ಪತ್ರ, ಏನಾದರೂ ಇದ್ದರೆ ಕಳಿಸಿ. ಇಲ್ಲದಿದ್ದರೆ ಮಾರಾಟವಾದ ವಸ್ತುವಿನ ವಿವರ ಬದಲಿಸಲು ಬರುವುದಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲು: ತಮ್ಮ ಮೊದಲ ಪತ್ರದಲ್ಲಿ ತಾಯಿಯವರ ಪ್ರಸ್ತಾಪ ಇರಲಿಲ್ಲ ಎಂಬುದನ್ನು ಗಮನಿಸಿದ್ದೇವೆ.

ಮನೆಯಲ್ಲಿ ಕೂತು ಕೆಲಸ ಮಾಡಿದ ಹೆಂಗಸರಿಗೆ ಚೀಟಿ ಎಲ್ಲಿಂದ ಬರಬೇಕು? ಪ್ರತಿ ಶನಿವಾರ ಒಬ್ಬ ಸೈಕಲ್ಲಿನಲ್ಲಿ ಬಂದು ಲಕೋಟೆ ಕೊಟ್ಟು ಹೋಗುತ್ತಿದ್ದ, ಅಷ್ಟೆ. ಬ್ಲಾಂಶ್ ಮಾಡಿದ ಕೆಲಸಕ್ಕೆ ಸಾಕ್ಷಿ ಎಂದರೆ ಆ ಬಾಗು. ಅದನ್ನು ಓದಬಲ್ಲವರು ಭೂಮಿಯ ಮೇಲೆ ಇಬ್ಬರು, ಇಬ್ಬರೂ ಅವಳ ಮಕ್ಕಳು. ವಾಚು ಆಗಲೇ ಯಾವುದೋ ಊರಿನ ಯಾವುದೋ ಪೆಟ್ಟಿಗೆಗೆ ಹೊರಟಿತ್ತು.

ಜೋಸಿಯಾನ್ ಉತ್ತರವನ್ನು ಎರಡು ಸಲ ಓದಿದಳು.

"ಹರಳು ಎಷ್ಟು ಅಂತ ಬರೆದ್ಯಲ್ಲ ಅವತ್ತು," ಎಂದಳು. ಬೈಯುವ ದನಿಯಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. "ಅದ್ರ ಜೊತೆಗೆ ಅಮ್ಮನ ಹೆಸ್ರು ಒಂದು ಯಾಕೆ ಬರೀಲಿಲ್ಲ ಅಣ್ಣ?"

ಫೆರ್ನಾಂ ಮೇಜು ನೋಡುತ್ತ ಹೇಳಿದ, "ಬೆಲೆ ಏರುತ್ತೆ ಅಂತ."

"ಕಾರ್ಖಾನೆಯವ್ರೂ ಅದಕ್ಕೇ ಬರೀಲಿಲ್ಲ," ಎಂದಳು ಜೋಸಿಯಾನ್.