ಬಸವಂತಮ್ಮ ಕೇಳಿದ ಪಾದ

ತಲೆ ವಾಲದಂತೆ ಸತ್ತ ಅಕ್ಕನ ಹಣೆಗೆ ಸುತ್ತಿದ ಬಿಳಿ ಪಟ್ಟಿಯನ್ನು ಗೋಡೆಯ ಗೂಟಕ್ಕೆ ಬಿಗಿಯುತ್ತಿದ್ದ ಬಸವಲಿಂಗ, "ಬದುಕಿದ್ದಾಗ ತಲಿ ಬಾಗಿಸ್ಲಿಲ್ಲ, ಈಗ ಬಾಗಿಸ್ತಾಳೇನು?" ಎಂದ. ಅಳುತ್ತಿದ್ದವರೂ ನಕ್ಕುಬಿಟ್ಟರು.

ಮಾನ್ವಿಯ ಅರ್ಧ ಊರಿಗೆ ಕುಪ್ಪಸ ಹೊಲಿದುಕೊಟ್ಟ ಬಸವಂತಮ್ಮ ವಿಭೂತಿ ಬಳಿಸಿಕೊಂಡು ಪಡಸಾಲೆಯ ಮಣೆಯ ಮೇಲೆ ಕೂತಿದ್ದಳು. ಅವರಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವುದು. ಅದಕ್ಕೂ ಮೊದಲು ಸ್ವಾಮಿಗಳು ಸತ್ತವರ ತಲೆಯ ಮೇಲೆ ತಮ್ಮ ಬಲಪಾದ ಇಡಬೇಕು. ಇಟ್ಟರೆ ಮುಕ್ತಿ, ಇಲ್ಲದಿದ್ದರೆ ಇಲ್ಲ.

ಕುರ್ಡಿಯಿಂದ ಮರಿಸ್ವಾಮಿಗಳು ಬಂದು ಕೂತಿದ್ದರು. ಅವರ ಪಾದ ತೊಳೆಯಲು ಸೊಸೆ ವಿಜಯಲಕ್ಷ್ಮಿ ತಂಬಿಗೆ ನೀರು ತರಬೇಕಿತ್ತು. ತಂದಳು. ಆದರೆ ಸ್ವಾಮಿಗಳನ್ನು ದಾಟಿ ಹೋಗಿ, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡನ ಮುಂದೆ ಕುಕ್ಕಿದಳು.

"ಅತ್ತಿ ಹೇಳಿದ್ದು ನೀವ ಹೇಳ್ತೀರೋ, ನಾ ಹೇಳ್ಲೋ?"

"ಸುಮ್ನಿರು," ಎಂದ ಬಸವಪ್ರಸಾದ.

"ಸುಮ್ನಿರೂದಿಲ್ಲ," ಎಂದು ಅವಳು ಒಳಗಿದ್ದ ಸ್ವಾಮಿಗಳ ಕಡೆ ತಿರುಗಿದಳು. "ಅಪ್ಪಾರ, ತಪ್ಪು ತಿಳೀಬ್ಯಾಡ್ರಿ. ಸ್ವಾಮಿಗಳ ಪಾದ ಬ್ಯಾಡ, ನನ್ನ ತಲಿ ಮ್ಯಾಲ ನನ್ನ ಮಗನ ಬಲಗಾಲು ಇಡಸ್ರಿ ಅಂತ ಹೇಳಿ ಸತ್ತಾಳ ನಮ್ಮತ್ತಿ."

ಭಜನೆಯ ತಾಳ ನಿಂತಿತು. ಹೆತ್ತವಳ ತಲೆಗೆ ಮಗ ಕಾಲಿಡುವುದೆಂದರೆ! ಬೈಯುವಾಗಲೂ ಯಾರ ಬಾಯಲ್ಲೂ ಬರದ ಮಾತು. ಅದೂ ಆ ಬಲಗಾಲು. ಹುಟ್ಟಿನಿಂದಲೇ ಒಳಕ್ಕೆ ಮಡಿಚಿಕೊಂಡಿದ್ದ ಕಾಲನ್ನು ಪ್ರಸಾದ ಬಟ್ಟೆ ತುರುಕಿದ ಬೂಟಿನಲ್ಲಿ ಮುಚ್ಚಿಟ್ಟೇ ದೊಡ್ಡವನಾಗಿದ್ದ. ಬೂಟು ಬಿಚ್ಚಬೇಕಲ್ಲ ಎಂದು ಗುಡಿಗೂ ಹೋಗುತ್ತಿರಲಿಲ್ಲ. ಇವತ್ತು ಮಂದಿ ನೆರೆದಿದ್ದರಿಂದ, ತಾಯಿಯ ಹೆಣದ ಹತ್ತಿರವೂ ಹೋಗದೆ ಹೊಸ್ತಿಲಾಚೆ ಉಳಿದಿದ್ದ.

*

ಅವನು ಚಿಕ್ಕವನಿದ್ದಾಗ ಮಠದಲ್ಲಿ ಇದೇ ಮರಿಸ್ವಾಮಿಗಳ ಪ್ರವಚನ ನಡೆದಿತ್ತು.

"ಕುಪ್ಪಸ ಕಂಡ್ರ ಹೊಲದಾಕಿ ಅದಾಳಂತ ತಿಳೀತದ. ನವಿಲಗರಿ, ಕಣ್ಣಿನ ರೆಪ್ಪಿ, ದಾಳಿಂಬ್ರದ ಕಾಳು ಇಷ್ಟು ಅಳತಿಯಾಗ ಅದಾವಂದ್ರ ಮಾಡಿದಾವ ಇರಬೇಕಲ್ಲ?"

ಎಲ್ಲರೂ ತಲೆ ಆಡಿಸಿದರು. ಬಸವಂತಮ್ಮ ಮಗನ ಕೈ ಹಿಡಿದು ಎದ್ದು ನಿಂತಳು.

"ಯಪ್ಪಾ, ನಾ ತೋಳು ಸೊಟ್ಟ ಹೊಲದ್ರ ಬಿಚ್ಚಿ ಹೊಲಿ ಅಂತೀರಿ. ಈ ಕಾಲು ಯಾರ ಹೊಲದಾರ್ರಿ?"

"ಅದು ಹುಡುಗನ ಹಿಂದಿನ ಕರ್ಮ, ತಾಯಿ. ಶಿವನ ಅಳತಿ ನಮಗ ತಿಳಿಯೂದಿಲ್ಲ."

"ತಿಳಿಯೂದಿಲ್ಲಂದ್ರ ನವಿಲಗರಿ ಅಳತಿಯಾಗ ಅದ ಅಂತ ಹೆಂಗ ತಿಳೀತ್ರಿ?"

ಸ್ವಾಮಿಗಳು ಅವಸರದಲ್ಲಿ ಮಂಗಳಾರತಿಗೆ ಕೈ ಮಾಡಿದರು.

ದಾರಿಯುದ್ದಕ್ಕೂ ಹುಡುಗ ಅತ್ತ. "ನಾ ಏನ ತಪ್ಪು ಮಾಡೀನಿ ಬೇ?"

ಅವಳು ಅವನನ್ನು ಕಾಲುವೆಯ ದಂಡೆಯ ಮೇಲೆ ಕೂರಿಸಿದಳು. "ಮಾಡಿದಾವ ಒಬ್ಬ ಅದಾನಂದ್ರ ತಪ್ಪು ಅವಂದರ ಇರಬೇಕು, ಇಲ್ಲಾ ನಿಂದರ ಇರಬೇಕು. ಯಾರೂ ಮಾಡಿಲ್ಲಂದ್ರ ಯಾರ ತಪ್ಪೂ ಇಲ್ಲ. ಕಾಲು ಹಂಗಾತು, ಅಷ್ಟ."

ಮಗನನ್ನು ತಪ್ಪಿತಸ್ಥ ಮಾಡುವ ದೇವರು ಬೇಡವೆಂದು ಅವತ್ತೇ ಬಿಟ್ಟಳು. ಬಿಟ್ಟು ಸುಖಪಟ್ಟಳೆಂದಲ್ಲ. ಶಿವರಾತ್ರಿಯ ಭಜನೆ ಕೇಳಿಸಿದರೆ ಹೊಲಿಗೆ ಮಷಿನ್ನು ಜೋರಾಗಿ ತುಳಿಯುತ್ತಿದ್ದಳು. ಅವಳ ದುಃಖವೆಂದರೆ, ಮಗ ಮಾತ್ರ ಸ್ವಾಮಿಗಳ ಮಾತನ್ನೇ ನಂಬಿಬಿಟ್ಟಿದ್ದ.

*

"ಹೆತ್ತಾಕಿ ತಲಿ ತುಳಿದ್ರ ಹುಳ ಬೀಳ್ತಾವ ಲೇ," ಎಂದು ಬಸವಲಿಂಗ ಸೋದರಳಿಯನ ಮೇಲೆ ಹರಿಹಾಯ್ದ.

ಮರಿಸ್ವಾಮಿಗಳು ಅವನನ್ನು ತಡೆದರು. ಈಗ ಅವರೂ ಹಣ್ಣಾದ ಮುದುಕರು. "ಪ್ರಸಾದ, ಮುದುಕಿ ಹಟಾ ಮಾಡ್ಯಾಳ. ಪಾದ ನಾ ಇಟ್ಟುಬಿಡ್ತೀನಿ. ನಿನ್ನ ಕರ್ಮ ಮಂದಿ ಮುಂದ ಯಾಕ ಬಿಚ್ಚಬೇಕಪ್ಪಾ?"

ಪ್ರೀತಿಯಿಂದಲೇ ಹೇಳಿದರು. ಪ್ರಸಾದನಿಗೆ ಚುಚ್ಚಿದ್ದು ಆ ಪ್ರೀತಿಯೇ. ಎದ್ದು ನಿಂತ.

"ಅಪ್ಪಾರ, ನಾ ಏನ ತಪ್ಪು ಮಾಡಿದ್ನಿರಿ? ಸಣ್ಣವ ಇದ್ದಾಗಿಂದ ಹುಡುಕಾಕತ್ತೀನಿ. ಇಂಥಾದ್ದು ಅಂತ ಹೇಳ್ರಿ. ಹೇಳಿದ್ರ ನೀವ ಪಾದ ಇಡ್ರಿ."

ಸ್ವಾಮಿಗಳು ಸುಳ್ಳು ಹೇಳುವವರಲ್ಲ. "ಗೊತ್ತಿಲ್ಲಪ್ಪಾ," ಎಂದರು.

ಪ್ರಸಾದ ಬಗ್ಗಿ ಬೂಟಿನ ಲಾಡಿ ಬಿಚ್ಚಿದ. ತುರುಕಿದ್ದ ಕುಪ್ಪಸದ ಬಟ್ಟೆಯ ಚೂರುಗಳು ಉದುರಿದವು. ಎಲ್ಲರ ಕಣ್ಣೆದುರೇ ವಿಜಯಲಕ್ಷ್ಮಿ ಆ ಕಾಲಿಗೆ ನೀರು ಹಾಕಿ ತೊಳೆದಳು. ಯಾರೋ ಫೋಟೋ ತೆಗೆಯಲು ಮೊಬೈಲು ಎತ್ತಿದರು.

"ತಕ್ಕೋರಿ, ಚಂದಂಗ ತಕ್ಕೋರಿ," ಎಂದಳು ಅವಳು.

ಬಸವಲಿಂಗ ಮುಖ ತಿರುಗಿಸಿ ಹೊರಗೆ ಹೋದ. ಪ್ರಸಾದ ಕುಂಟುತ್ತ ಒಳಗೆ ಬಂದು, ಗೋಡೆಗೆ ಕೈ ಕೊಟ್ಟು, ಕಾಲೆತ್ತಿದ. ಒಳಕ್ಕೆ ಬಾಗಿದ ಅಂಗಾಲು ಅವ್ವನ ದುಂಡು ತಲೆಯ ಮೇಲೆ ಎಲ್ಲೂ ಸಂದು ಬಿಡದೆ ಕೂತಿತು.

ಸ್ವಾಮಿಗಳ ಕಣ್ಣುಗಳು ಅರಳಿದವು. "ನೋಡಿದ್ರೇನು, ಶಿವನ ಅಳತಿ ಎಷ್ಟು ಬರೋಬ್ಬರಿ..." ಎಂದು ಶುರು ಮಾಡಿದರು.

"ಅಪ್ಪಾರ!" ಎಂದಳು ವಿಜಯಲಕ್ಷ್ಮಿ.

ಪ್ರಸಾದ ಕಾಲು ತೆಗೆಯಲಿಲ್ಲ. ಅಂಗಾಲಿನ ನೀರು ಅವ್ವನ ಹಣೆಯ ವಿಭೂತಿಯಲ್ಲಿ ಗೆರೆ ಎಳೆಯುತ್ತ ಇಳಿಯಿತು.